ಪಡೆದ ಕೈ, ಕೊಡುವ ಕೈ

ದಾನವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನ ಮುಂದೆ ಎರಡು ಕೈಗಳು ಮೂಡುತ್ತವೆ: ಮೇಲಿನಿಂದ ಕೊಡುವ ಕೈ, ಕೆಳಗೆ ಒಡ್ಡಿದ ಕೈ. ಕೊಟ್ಟವನು ದೊಡ್ಡವನಾಗುತ್ತಾನೆ, ಪಡೆದವನು ಚಿಕ್ಕವನಾಗುತ್ತಾನೆ. ಲೋಕರೂಢಿಯ ಈ ಚಿತ್ರದಲ್ಲಿ ಏನೋ ಒಂದು ಕೊರತೆಯಿದೆಯೆಂದು ಕೊಟ್ಟವರೂ ಪಡೆದವರೂ ಒಳಗೊಳಗೆ ಬಲ್ಲರು. ಕ್ರೈಸ್ತರ ಧರ್ಮಗ್ರಂಥದಲ್ಲಿ ಈ ಚಿತ್ರವನ್ನು ತಿದ್ದುವ ಪ್ರಸಂಗವೊಂದುಂಟು. ಅದು ಒಂದು ಚಂದಾ ವಸೂಲಿಯ ಕಥೆ. ಅದನ್ನು ಕುರಿತು ಶ್ರೋತೃಗಳೊಡನೆ ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಆಶೆ.

ಕ್ರಿಸ್ತಶಕ 41 ರಿಂದ 54 ರವರೆಗೆ ರೋಮಿನ ಚಕ್ರವರ್ತಿಯಾಗಿದ್ದ ಕ್ಲೌದಿಯನ ಕಾಲದಲ್ಲಿ ಯೂದಾಯ ಸೀಮೆಯನ್ನು ಕ್ಷಾಮವು ಬಾಧಿಸಿತು. ಯೆರೂಸಲೇಮಿನ ಕ್ರೈಸ್ತಸಭೆಯಲ್ಲಿ ಬಡವರು ಅನೇಕರಿದ್ದರು. ದೇಶದೇಶಗಳಲ್ಲಿ ಸುವಾರ್ತೆಯನ್ನು ಸಾರುತ್ತಿದ್ದ ಪೌಲನು ಆ ಬಡವರನ್ನು ಮರೆಯಬಾರದೆಂದು ಅಲ್ಲಿಯ ಹಿರಿಯರಾದ ಯಾಕೋಬ, ಪೇತ್ರ, ಯೋಹಾನರು ಕೇಳಿಕೊಂಡಿದ್ದರು. ಅದರಂತೆ ಪೌಲನು ಮುಂದೆ ಗಲಾತ್ಯ, ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಲ್ಲಿ ಹಣವನ್ನು ಕೂಡಿಸಿದನು. ಕೊಡುವವರಲ್ಲಿ ಹೆಚ್ಚಿನವರು ಅನ್ಯಜನರು, ಪಡೆಯುವವರು ಯೆಹೂದ್ಯರು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದೋ ಬಾರದೋ ಎಂದು ಅವರ ನಡುವೆ ವಾದವೆದ್ದಿದ್ದ ಕಾಲವದು. ಪಂಕ್ತಿಭೇದವೆಂದರೇನೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಆ ಹಣದ ಗಂಟಿನಲ್ಲಿ ಹಸಿದವರ ಅನ್ನವೂ ಇತ್ತು, ಒಡೆಯಲಿದ್ದ ಒಂದು ಸಮಾಜದ ಐಕ್ಯವೂ ಇತ್ತು.

ಅಖಾಯದ ಮುಖ್ಯ ಪಟ್ಟಣ ಕೊರಿಂಥ. ರೋಮನರು ಕ್ರಿಸ್ತಪೂರ್ವ 146 ರಲ್ಲಿ ಅದನ್ನು ಹಾಳುಗೆಡವಿದ್ದರು. ಕ್ರಿಸ್ತಪೂರ್ವ 44 ರಲ್ಲಿ ಜೂಲಿಯಸ್ ಸೀಸರನ ಅಪ್ಪಣೆಯಿಂದ ಅದು ಮತ್ತೆ ತಲೆಯೆತ್ತಿತು. ಎರಡು ಕಡಲುಗಳ ನಡುವೆ ನಿಂತು ಎರಡು ಬಂದರುಗಳ ವ್ಯಾಪಾರದಿಂದ ಬೆಳೆದ ಊರದು. ಅಲ್ಲಿಯ ಸಭೆಯವರು ಒಂದು ವರ್ಷದ ಹಿಂದೆಯೇ ಬಹು ಉತ್ಸಾಹದಿಂದ ಕೊಡಲು ಮನಸ್ಸುಮಾಡಿದ್ದರು. ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಚಂದಾ ಪಟ್ಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಹೆಸರು ಬರೆದು, ಹಣದ ದಿನ ಮನೆಯಲ್ಲಿಲ್ಲವೆಂದು ಹೇಳಿಕಳುಹಿಸುವ ಪಟ್ಟಣವಾಸಿಗಳನ್ನು ನಾವೂ ಕಂಡಿದ್ದೇವೆ. ಕೆಲವೊಮ್ಮೆ ನಾವೇ ಅವರಾಗಿದ್ದೇವೆ. ಇತ್ತ ಮಕೆದೋನ್ಯದವರೋ ಕಡುಬಡವರು, ಅದರ ಮೇಲೆ ಹಿಂಸೆಗೂ ಗುರಿಯಾದವರು. ಅವರು ಶಕ್ತಿಮೀರಿ ಕೊಟ್ಟರು. ಇದರಲ್ಲಿ ತಮಗೂ ಪಾಲಿರಲೆಂದು ಪೌಲನನ್ನು ಅಂಗಲಾಚಿ ಬೇಡಿಕೊಂಡರು. ಪಡೆಯಲು ಬೇಡುವವರನ್ನು ಲೋಕವು ನಿತ್ಯವೂ ಕಾಣುತ್ತದೆ. ಕೊಡಲು ಬೇಡಿದವರು ಇವರು.

ಬಡವರಿಗೆ ಈ ಉತ್ಸಾಹವೆಲ್ಲಿಂದ ಬಂದಿತು? ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳಲ್ಲಿ ಇದಕ್ಕೆ ಉತ್ತರವಿದೆ. ಗ್ರೀಕ್ ಮೂಲದಲ್ಲಿ ಖಾರಿಸ್ ಎಂಬ ಒಂದೇ ಶಬ್ದವು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ದೇವರ ಕೃಪೆಗೂ ಅದೇ ಶಬ್ದ. ಮನುಷ್ಯರು ಕೂಡಿಸಿದ ಕೊಡುಗೆಗೂ ಅದೇ. ದೇವರಿಗೆ ಸಲ್ಲಿಸುವ ವಂದನೆಗೂ ಅದೇ. ಕನ್ನಡದಲ್ಲಿ ನಾವು ಮೂರು ಮಾತುಗಳಿಂದ ಹೇಳುವುದು ಅಲ್ಲಿ ಒಂದೇ ಮಾತು. ಕೃಪೆಯು ಮೇಲಿನಿಂದ ಇಳಿದು, ಕೊಡುಗೆಯಾಗಿ ನೆರೆಯವನ ಮನೆಗೆ ಹರಿದು, ವಂದನೆಯಾಗಿ ಮತ್ತೆ ಮೇಲಕ್ಕೆ ಏರುತ್ತದೆ. ಐಶ್ವರ್ಯವಂತನಾಗಿದ್ದ ಕ್ರಿಸ್ತನು ನಮಗಾಗಿ ಬಡವನಾದನೆಂಬುದು ಕ್ರೈಸ್ತರ ನಂಬಿಕೆ. ಅದನ್ನು ನಂಬಿದವನು ತನ್ನ ದಾನದಿಂದ ದೇವರನ್ನು ಕೊಂಡುಕೊಳ್ಳಲಾರನು, ಬಡವನನ್ನು ಕೊಂಡುಕೊಳ್ಳಲೂ ಆರನು. ಕೊಡುವ ಕೈ ಮೊದಲು ಪಡೆದ ಕೈ. ಕೃತಜ್ಞನೆಂದರೆ ತನಗೆ ಮಾಡಿದ ಉಪಕಾರವನ್ನು ಅರಿತವನೆಂದೇ ಅರ್ಥವಲ್ಲವೆ?

ಈ ಅರಿವಿನ ಸರಳ ರೂಪವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದು. ಮಂಗಳೂರು ಸೀಮೆಯ ಕೊಂಕಣಿ ಕಥೋಲಿಕರು ಪ್ರತಿವರ್ಷ ಸೆಪ್ಟೆಂಬರ್ 8 ರಂದು ಮೊಂತಿ ಹಬ್ಬದಲ್ಲಿ ಇಗರ್ಜಿಯಲ್ಲಿ ಹೊಸ ತೆನೆಗೆ ಆಶೀರ್ವಾದ ಪಡೆದು, ಆ ಬಳಿಕ ಮನೆಮಂದಿಯೆಲ್ಲ ಒಟ್ಟಿಗೆ ಹೊಸತಿನ ಊಟ ಮಾಡುತ್ತಾರೆ. ಉತ್ತು ಬಿತ್ತಿದ್ದು ಮನುಷ್ಯನೇ ಸರಿ; ಮಳೆಯು ಅವನದಲ್ಲ.

ಹೀಗೆಂದು ಪೌಲನು ವಿವೇಕವನ್ನು ಬದಿಗಿಡಲಿಲ್ಲ. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟನ್ನು ತೆಗೆದಿಡಲೆಂದನು. ಬಲವಂತ ಕೂಡದು, ಇಲ್ಲದುದನ್ನು ಯಾರೂ ಕೊಡಬೇಕಾಗಿಲ್ಲ, ಒಬ್ಬರ ಭಾರವನ್ನಿಳಿಸಲು ಇನ್ನೊಬ್ಬರನ್ನು ಕುಗ್ಗಿಸುವುದು ಉದ್ದೇಶವಲ್ಲ, ಸಮತ್ವವೇ ಉದ್ದೇಶ ಎಂದು ತಿಳಿಸಿದನು. ಹಣದ ವಿಷಯದಲ್ಲಿ ಯಾರೂ ತಪ್ಪೆಣಿಸದಂತೆ, ಸಭೆಗಳೇ ಆರಿಸಿದ ನಂಬಿಕಸ್ಥನನ್ನೂ ಜೊತೆಗೆ ನೇಮಿಸಿಕೊಂಡನು. ಭಕ್ತಿಯಿದ್ದಲ್ಲಿ ಲೆಕ್ಕ ಬೇಡವೆನ್ನುವವರು ಇದನ್ನು ನೆನೆಯುವುದು ಒಳ್ಳೆಯದು.

ಕೊನೆಗೆ ಕೊರಿಂಥದವರೂ ಕೊಟ್ಟರೆಂದು ತೋರುತ್ತದೆ. ಮಕೆದೋನ್ಯದವರೂ ಅಖಾಯದವರೂ ಸಂತೋಷದಿಂದ ಕೊಟ್ಟರೆಂದು ಪೌಲನು ರೋಮಿನವರಿಗೆ ಬರೆದನು. ಅದೇ ಪತ್ರದಲ್ಲಿ ಅವನ ಅಳುಕೂ ಕಾಣುತ್ತದೆ. ಈ ಸೇವೆಯು ಯೆರೂಸಲೇಮಿನವರಿಗೆ ಒಪ್ಪಿಗೆಯಾಗಲೆಂದು ಪ್ರಾರ್ಥಿಸಿರೆಂದು ಅವನು ಕೇಳಿಕೊಳ್ಳುತ್ತಾನೆ. ಕೊಡುವುದಕ್ಕೆ ಔದಾರ್ಯ ಬೇಕು. ಪರರೆಂದೆಣಿಸಿದವರ ಕೈಯಿಂದ ಪಡೆಯುವುದಕ್ಕೆ ಇನ್ನೂ ಹೆಚ್ಚಿನ ಔದಾರ್ಯ ಬೇಕು. ಅಪಾಯವಿದೆಯೆಂದು ತಿಳಿದೂ ಅವನು ಯೆರೂಸಲೇಮಿಗೆ ಹೋದನು. ಅಲ್ಲಿ ಸೆರೆಸಿಕ್ಕಿ, ಮುಂದೆ ಬಂದಿಯಾಗಿಯೇ ರೋಮನ್ನು ಸೇರಿದನು. ಹಸಿದವರ ಹಣವನ್ನು ಮುಟ್ಟಿಸಹೋದವನು ತನ್ನ ಬಿಡುಗಡೆಯ ಬದುಕನ್ನೇ ತೆತ್ತನು.

ಬಡವರು ಕೊಡುವ ಆ ಮಕೆದೋನ್ಯದ ರೀತಿಯು ಅಲ್ಲಿಗೇ ಮುಗಿಯಲಿಲ್ಲ. ನಮ್ಮ ದೇಶದ ಈಶಾನ್ಯದಲ್ಲಿರುವ ಮಿಜೋರಾಮಿನ ಕ್ರೈಸ್ತ ಗೃಹಿಣಿಯರು ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿಸಲವೂ ಒಂದು ಹಿಡಿಯನ್ನು ಬೇರೆಯಾಗಿ ತೆಗೆದಿಡುತ್ತಾರೆ. ಬುಹ್‌ಫಾಯ್ ಥಾಮ್ ಎಂದು ಅದರ ಹೆಸರು. ಹಿಡಿಯಕ್ಕಿ ಎಂದು ಅರ್ಥ. 20ನೆಯ ಶತಮಾನದ ಆರಂಭಕಾಲದಿಂದ ಬಂದಿರುವ ಪದ್ಧತಿಯಿದು. ಮನೆಮನೆಯ ಅಕ್ಕಿಯನ್ನು ಸಭೆಯವರು ಕೂಡಿಸಿ ಮಾರಿ ಬಂದ ಹಣದಿಂದ ಧರ್ಮಕಾರ್ಯಗಳನ್ನು ನಡೆಸುತ್ತಾರೆ. ಕೈಯಲ್ಲಿ ಕಾಸಿಲ್ಲದ ತಾಯಿಗೂ ಅಲ್ಲಿ ದಾನಿಯ ಗೌರವವುಂಟು.

ಬಡವನಿಗೆ ಕೊಡುವುದರಲ್ಲಿ ನಾವು ಎಷ್ಟೋ ಬಾರಿ ತೃಪ್ತರಾಗುತ್ತೇವೆ. ಅವನಿಂದ ಪಡೆಯಲು ನಾವು ಸಿದ್ಧರೋ? ಅವನ ಹಿಡಿಯಕ್ಕಿಯನ್ನು ಸಮನಾಗಿ ನಿಂತು, ತಲೆಬಾಗಿ ಸ್ವೀಕರಿಸಬಲ್ಲೆವೋ? ದೇವರ ಔದಾರ್ಯದ ಮುಂದೆ ಎಲ್ಲರೂ ಕೈಯೊಡ್ಡಿದವರೇ ಎಂಬುದನ್ನು ನಾವು ನಿಜವಾಗಿ ಅರಿತೆವೋ ಇಲ್ಲವೋ ಎಂಬುದು ಆ ಕ್ಷಣದಲ್ಲಿ ತಿಳಿಯುತ್ತದೆ.