ಶಾಲೆಯ ಫೋನು ಮೊದಲು ಕನ್ನಡದಲ್ಲಿ ಮಾತಾಡಲಿ

ಗಡಿನಾಡಿನ ಕನ್ನಡ ಶಾಲೆಗಳ ಬಂಧುಗಳೇ,

ಇಂಟರ್‌ನೆಟ್ ದೂರವಾಣಿಗೆ ಬದಲಾಗುವಾಗ ಕಚೇರಿ, ತರಗತಿ, ಹಾಸ್ಟೆಲುಗಳ ಹಳೆಯ ಫೋನುಗಳನ್ನು ಎಸೆಯಬೇಕಾಗಿಲ್ಲ. 20 ಫೋನುಗಳಿಗೆ ಒಂದೊಂದು ಅಡಾಪ್ಟರ್ ಕೊಂಡರೆ 20 ಪೆಟ್ಟಿಗೆ, 20 ಪ್ಲಗ್ಗು. 24 ಪೋರ್ಟಿನ ಒಂದೇ ಗೇಟ್‌ವೇ ಕೊಂಡರೆ ಗೋಡೆಯ ಹಳೆಯ ತಂತಿಯೇ ಬಳಕೆಗೆ ಬರುತ್ತದೆ.

ಕೊಳ್ಳುವಾಗ ‘ಎಫ್‌ಎಕ್ಸ್‌ಎಸ್’ ಪೋರ್ಟನ್ನೇ ಕೇಳಿರಿ; ಫೋನಿಗೆ ವಿದ್ಯುತ್ತನ್ನೂ ಗಂಟೆಯನ್ನೂ ಕೊಡುವುದು ಅದು. ‘ಎಫ್‌ಎಕ್ಸ್‌ಓ’ ಇರುವುದು ಹೊರಗಿನ ಲೈನಿಗೆ. ಬೆರಳಿನಿಂದ ತಿರುಗಿಸುವ ಡಯಲಿನ ಫೋನಿದ್ದರೆ ಪಲ್ಸ್ ಡಯಲಿಂಗ್ ನಡೆಯುವುದೇ ಎಂದು ವಿಚಾರಿಸಿರಿ. ಕರೆಂಟು ಹೋದರೆ ಎಲ್ಲ ಫೋನೂ ಒಟ್ಟಿಗೆ ಮೂಕ. ಯುಪಿಎಸ್ ಬೇಕೇ ಬೇಕು.

ಇನ್ನು ಮುಖ್ಯ ಮಾತು. ಕರೆ ಮಾಡಿದ ತಾಯಿಗೆ ಮೊದಲು ಕೇಳಿಸುವ ಧ್ವನಿ ಯಾವ ಭಾಷೆಯದು? ಅದು ಗೇಟ್‌ವೇಯ ಕೆಲಸವಲ್ಲ, ಐಪಿ ಪಿಬಿಎಕ್ಸ್‌ನ ಕೆಲಸ. ‘ಆಸ್ಟರಿಸ್ಕ್’ನಂಥ ಮುಕ್ತ ತಂತ್ರಾಂಶದಲ್ಲಿ ನಮ್ಮ ಶಿಕ್ಷಕಿಯ ಧ್ವನಿಯನ್ನೇ ಮುದ್ರಿಸಿ ಹಾಕಬಹುದು. ನಾವು ಕೇಳದಿದ್ದರೆ ಇಂಗ್ಲಿಷೇ ಉಳಿಯುತ್ತದೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕೇಳುತ್ತದೆ. ಸರಕಾರದಿಂದ ಅದನ್ನು ಕೇಳುವ ನಾವು, ನಮ್ಮ ಕೈಯಲ್ಲೇ ಇರುವುದನ್ನು ಮರೆಯಬಾರದು.