ಗುಮ್ಮಟದ ಊರಲ್ಲಿ ಗಗನಚುಂಬಿ: ನೀರೆಲ್ಲಿ, ಕನ್ನಡವೆಲ್ಲಿ?

(ಅರಕೇರಿಯಲ್ಲಿ ನಡೆದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಹೋದ ವರ್ಷ ಬಿಲ್ಡರ್ ಒಬ್ಬ ನಮ್ಮ ಪ್ರೆಸ್ಸಿಗೆ ಬಂದ. ವಿಜಯಪುರದಲ್ಲಿ ದೊಡ್ಡ ಕಟ್ಟಡ ಎಬ್ಬಿಸುತ್ತೇನೆ, ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆ, ಐದು ಸಾವಿರ ಬಣ್ಣದ ಪತ್ರಿಕೆ ಬೇಕು ಎಂದ. ಚಿತ್ರ ನೋಡಿದೆ. ಮೈತುಂಬ ಗಾಜು, ನೆತ್ತಿಯ ಮೇಲೆ ಸಿಮೆಂಟಿನ ಗುಮ್ಮಟ. ಹೆಸರು ಇಂಗ್ಲಿಷು. "ಕನ್ನಡ ಎಲ್ಲೈತ್ರಿ?" ಅಂದೆ. "ಕೆಳಗ ಜಾಗಾ ಉಳದ್ರ ಒಂದು ಸಾಲು ಹಾಕ್ರಿ" ಅಂದ. "ಇಷ್ಟು ಮಂದೀಗೆ ನೀರು?" ಅಂದೆ. "ಟ್ಯಾಂಕರ್ ಅದಾವಲ್ರಿ" ಅಂದ. ನಾನು ಅಚ್ಚು ಹಾಕಿಕೊಟ್ಟೆ, ದುಡ್ಡನ್ನೂ ತಗೊಂಡೆ. ಸುಳ್ಳು ಯಾಕೆ ಹೇಳಲಿ? ಆ ಸಂಕಟಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಎತ್ತರದ ಕಟ್ಟಡವೇ ಬೇಡ ಎನ್ನುವವನು ನಾನಲ್ಲ. ಊರ ಸುತ್ತಲಿನ ಎರೆ ಹೊಲಗಳು ಒಂದೊಂದಾಗಿ ಎನ್.ಎ. ಆಗಿ, ಕಲ್ಲು ನೆಟ್ಟು, ಪ್ಲಾಟು ಬೀಳುತ್ತಿವೆ. ಬಿಳಿಜೋಳ ಬೆಳೆಯುವ ಆ ಮಣ್ಣನ್ನು ಯಾವ ಫ್ಯಾಕ್ಟರಿಯೂ ಮಾಡಿಕೊಡುವುದಿಲ್ಲ. ನೂರು ಮನೆ ಅಡ್ಡಡ್ಡ ಹರಡುವ ಬದಲು ಮೇಲೆ ಮೇಲೆ ನಿಂತರೆ ಹೊಲ ಉಳಿದೀತು. ಪ್ರಶ್ನೆ ಇರುವುದು ಹೇಗೆ ನಿಲ್ಲಬೇಕು, ಎಲ್ಲಿ ನಿಲ್ಲಬೇಕು ಎಂಬುದರಲ್ಲಿ.

ಮಹಡಿ ಮೇಲೆ ಮಹಡಿ ನಮಗೆ ಹೊಸದೂ ಅಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹಿಯ ಕಾಲದಲ್ಲಿ, 1583ರಲ್ಲಿ, ಅರಕಿಲ್ಲೆಯೊಳಗೆ ಸಾತ್ ಮಂಜಿಲ್ ಎದ್ದಿತು. ಹೆಸರೇ ಹೇಳುವಂತೆ ಏಳು ಅಂತಸ್ತು, ಉಳಿದಿರುವುದು ಐದು. ಆ ಕಟ್ಟಡದಲ್ಲಿ ನೀರಿನ ಕೊಳವೆ, ತೊಟ್ಟಿಗಳ ಗುರುತು ಇವೆ. 1656ರ ಹೊತ್ತಿಗೆ ಮುಗಿದ ಗೋಲಗುಮ್ಮಟದ ನಾಲ್ಕು ಮೂಲೆಯ ಮಿನಾರುಗಳೂ ಏಳೇಳು ಅಂತಸ್ತಿನವು. ಗುಮ್ಮಟದ ಎತ್ತರ ಸುಮಾರು 51 ಮೀಟರ್, ನಡುವೆ ಒಂದೂ ಕಂಬವಿಲ್ಲ. ಏಪ್ರಿಲ್ ಬಿಸಿಲಲ್ಲಿ ಒಳಗೆ ಹೋಗಿ ನಿಂತು ನೋಡಿ. ಮೂರು ಮೀಟರ್ ದಪ್ಪದ ಗೋಡೆ ಹೊರಗಿನ ಉರಿಯನ್ನು ಹೊರಗೇ ತಡೆಯುತ್ತದೆ. ಈ ಊರಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಇಲ್ಲಿ ಗಾಜಿನ ಗೋಡೆ ಕಟ್ಟಿ ಒಳಗೆ ಹಗಲಿರುಳು ಎ.ಸಿ. ಓಡಿಸುವವನು ಈ ನೆಲಕ್ಕೆ ಬಂದು ಎರಡು ದಿನ ಕಣ್ಣು ತೆರೆದು ನೋಡಿಲ್ಲ ಎಂದೇ ಅರ್ಥ.

ನೆತ್ತಿಗೆ ಗುಮ್ಮಟ ಇಟ್ಟರೆ ಪರಂಪರೆಗೆ ಗೌರವ ಕೊಟ್ಟಂತಲ್ಲ. ಅದು ಮದುವೆ ಮಂಟಪದ ಥರ್ಮಾಕೋಲು. ಮುಂಬಯಿಯಲ್ಲಿ ಚಾರ್ಲ್ಸ್ ಕೊರಿಯಾ ಕಟ್ಟಿದ ಕಾಂಚನಜುಂಗಾ 1983ರಲ್ಲಿ ಮುಗಿಯಿತು. ಹಳೆಯ ಬಂಗಲೆಗಳ ಪಡಸಾಲೆಯನ್ನೇ ಅವರು ಮೇಲಿನ ಮಹಡಿಗಳಿಗೆ ಒಯ್ದರು. ಎರಡು ಅಂತಸ್ತು ಎತ್ತರದ ತೆರೆದ ಜಗಲಿ ಬಿಸಿಲು ಮಳೆ ಎರಡನ್ನೂ ತಡೆಯುತ್ತದೆ. ಯೆಮನ್ ದೇಶದ ಶಿಬಾಮ್‌ನಲ್ಲಿ ಹಸಿಮಣ್ಣಿನ ಇಟ್ಟಿಗೆಯಲ್ಲೇ ಬಹುಮಹಡಿ ಮನೆಗಳಿವೆ. ಕೆಳಗೆ ಕಾಳು, ದನಕರು, ಮೇಲೆ ಸಂಸಾರ. ನಮ್ಮಲ್ಲೂ ಪಡಸಾಲೆ ಇದೆ, ಬೆಳಕಿಂಡಿ ಇದೆ, ಗಚ್ಚು ಇದೆ, ಕೂತು ಮಾತಾಡುವ ಕಟ್ಟೆ ಇದೆ. ಇವು ಬರೀ ಪದಗಳಲ್ಲ, ಕಟ್ಟುವ ವಿದ್ಯೆ. ಕರಿಕಲ್ಲಿನ ಒಡ್ಡು, ಆಳವಾದ ಕಿಟಕಿ, ಗಾಳಿ ಆಡುವ ನಡುವಂಗಳ ಇವುಗಳನ್ನು ಇಟ್ಟುಕೊಂಡು ಹದಿನೈದು ಅಂತಸ್ತು ಎಬ್ಬಿಸಿ ತೋರಿಸಲಿ.

ನೀರಿನ ಲೆಕ್ಕಕ್ಕೆ ಬರೋಣ, ನನ್ನ ಜೊತೆ ನೀವೂ ಕೂಡಿಸಿ. ನೂರು ಮನೆ, ಮನೆಗೆ ನಾಲ್ವರು. ನಗರದ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ಒಟ್ಟು 54,000 ಲೀಟರ್, ಅದೂ ಒಂದು ದಿನಕ್ಕೆ. ಮಳೆನೀರು ಹಿಡಿಯುತ್ತೇವೆ ಎಂದು ಪತ್ರಿಕೆಯಲ್ಲಿ ಬರೆಸುತ್ತಾರೆ. ಸಾವಿರ ಚದರ ಮೀಟರ್ ಮಾಳಿಗೆಯ ಮೇಲೆ 500 ಮಿ.ಮೀ. ಮಳೆ ಬಿತ್ತೆನ್ನಿ, ಒಂದು ಹನಿಯೂ ಪೋಲಾಗದಿದ್ದರೆ ಐದು ಲಕ್ಷ ಲೀಟರ್. ಒಂಬತ್ತು ದಿನಕ್ಕೆ ಖಾಲಿ! ಕಟ್ಟಡ ಎತ್ತರವಾದಷ್ಟೂ ಮಂದಿ ಹೆಚ್ಚುತ್ತಾರೆ, ಮಾಳಿಗೆ ಹಿಗ್ಗುವುದಿಲ್ಲ. ಉಳಿದ ದಿನ ಟ್ಯಾಂಕರ್ ಎಲ್ಲಿಂದ ತುಂಬುತ್ತದೆ? ನಮ್ಮ ಹಳ್ಳಿಗಳ ಬೋರ್‌ವೆಲ್ಲಿಂದ. ಅವರ ಹನ್ನೆರಡನೆಯ ಮಹಡಿಯ ನಲ್ಲಿ ತಿರುವಿದರೆ ಇಲ್ಲಿ ಹೊಲದ ಬೋರು ಉಸಿರು ಬಿಡುತ್ತದೆ.

ಹಿಂದಿನವರು ಇದನ್ನು ಯೋಚಿಸಿದ್ದರು. ತೊರವಿಯಿಂದ ಸುರಂಗದಲ್ಲಿ ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ ಮಣ್ಣಿನ ಕೊಳವೆಯಲ್ಲಿ ಊರೊಳಗೆ ಹರಿಸಿದರು. ದಾರಿಯಲ್ಲಿ ನಿಂತಿರುವ ಗಂಜ್‌ಗಳನ್ನು ನೀವು ನೋಡಿದ್ದೀರಿ, ಏನೋ ಹಾಳು ಗೋಪುರ ಅಂದುಕೊಂಡಿರುತ್ತೀರಿ. ನೀರಿನ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ಒತ್ತಡ ತಗ್ಗಿಸುವುದು, ಕೆಸರು ತಳದಲ್ಲಿ ನಿಲ್ಲಿಸುವುದು ಅವುಗಳ ಕೆಲಸ. ಇಂದಿನ ಎತ್ತರದ ಕಟ್ಟಡಗಳಲ್ಲಿ ನಡುವಿನ ಮಹಡಿಗಳಲ್ಲಿ ತೊಟ್ಟಿ ಇಟ್ಟು ಮಾಡುವುದೂ ಅದನ್ನೇ. ಹಾಗಾಗಿ ಬಳಸಿದ ನೀರನ್ನು ಶುದ್ಧ ಮಾಡಿ ಪಾಯಖಾನೆಗೆ, ಗಿಡಕ್ಕೆ ಮರಳಿ ಬಿಡುವ ಎರಡನೆಯ ಕೊಳವೆ ಇಲ್ಲದ ನಕ್ಷೆಗೆ ಒಪ್ಪಿಗೆಯನ್ನೇ ಕೊಡಬಾರದು. 1620ರ ತಾಜ್ ಬಾವಡಿಯಂಥವನ್ನು ಒಮ್ಮೆ ಹೂಳು ತೆಗೆದು ಫೋಟೋ ಹೊಡೆಸಿಕೊಂಡರೆ ಸಾಲದು. ಹತ್ತಿರ ಕಟ್ಟುವವನಿಂದ ಅದರ ವರ್ಷವರ್ಷದ ಖರ್ಚು ವಸೂಲಾಗಲಿ.

ಜಾಗದ ಬಗ್ಗೆ ಎರಡು ಮಾತು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. 2010ರಲ್ಲಿ ತಿದ್ದಿದ ಕಾಯ್ದೆ ಇದು. ಪ್ರೆಸ್ಸಿನವನ ಭಾಷೆಯಲ್ಲಿ ಹೇಳುವುದಾದರೆ ಇದು ಪುಟದ ಅಂಚು. ಅಂಚು ಬಿಡದೆ ಅಚ್ಚು ಹಾಕಿದರೆ ಕಟಿಂಗ್ ಯಂತ್ರದಲ್ಲಿ ಅಕ್ಷರವೇ ಹೋಗುತ್ತದೆ. ಆದರೆ 301ನೇ ಮೀಟರಿನಲ್ಲಿ ಮೂವತ್ತು ಮಹಡಿ ಎದ್ದರೆ? ಹಳೆಯ ಕೋಟೆಗೋಡೆಯ ಒಳಗೆ ಗುಮ್ಮಟದ ಅರ್ಧವನ್ನೂ ಮೀರಬಾರದು, ಎತ್ತರದ್ದೇನಿದ್ದರೂ ಹೊರವರ್ತುಲದಲ್ಲಿರಲಿ ಎಂಬುದು ನನ್ನ ಹಠ. ರೈಲಿನಲ್ಲಿ ಊರಿಗೆ ಬರುವವನಿಗೆ ಮೊದಲು ಗುಮ್ಮಟವೇ ಕಾಣಬೇಕು.

ಈಗ ಕನ್ನಡ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರವಾಯಿತು. ಅಂಗಡಿ ಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಯೂ ಆಯಿತು. ಸಂತೋಷ. ಆದರೆ ಫಲಕ ಇರುವುದು ಹೊರಗೆ. ಒಳಗೆ, ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿನ ಬಾಗಿಲ ಮೇಲೆ ಯಾವ ಭಾಷೆ ಇದೆ? 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ದಾರಿ ಸಿಗದೆ 9 ಜನ ಸತ್ತರು. ಅಂಥ ಕಟ್ಟಡಗಳನ್ನು ಕಟ್ಟುವವರು ಯಾರು, ಕಸ ಹೊಡೆಯುವವರು, ಗೇಟು ಕಾಯುವವರು ಯಾರು? ನಮ್ಮ ಜಿಲ್ಲೆಯಿಂದ ಗುಳೆ ಹೋದ ಅಣ್ಣತಮ್ಮಂದಿರೂ ಅವರಲ್ಲಿದ್ದಾರೆ. ಸಾರವೆಯ ಮೇಲೆ ನಿಂತವನಿಗೆ "ಬೆಲ್ಟು ಕಟ್ಟಿಕೋ, ಇಲ್ಲಿ ಕರೆಂಟಿದೆ" ಎಂಬ ಎಚ್ಚರಿಕೆ ಅವನು ಓದಬಲ್ಲ ಲಿಪಿಯಲ್ಲಿ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಭಾಷೆಯೆಂದರೆ ಬರೀ ಅಭಿಮಾನ ಎಂದು ನಗುವವರು ಒಮ್ಮೆ ಆ ಸಾರವೆ ಹತ್ತಿ ನಿಲ್ಲಲಿ.

ಗೆಳೆಯರೇ, ನಿಮ್ಮಲ್ಲಿ ಡಿಪ್ಲೊಮಾ ಓದುವವರಿದ್ದೀರಿ, ಸಿವಿಲ್ ಮಾಡುವವರಿದ್ದೀರಿ. ಬೆಂಕಿಬಾಗಿಲು, ಲಿಫ್ಟು, ಕರೆಂಟು, ಸಾರವೆ ಇವುಗಳ ಎಚ್ಚರಿಕೆ ಮಾತುಗಳನ್ನು ನಾವು ಆಡುವ ಕನ್ನಡದಲ್ಲಿ, ದೊಡ್ಡ ಅಕ್ಷರಕ್ಕೆ ಹೊಂದುವ ಸಣ್ಣ ವಾಕ್ಯಗಳಲ್ಲಿ ಬರೆದು ತನ್ನಿ. ಕಾಗದ, ಮಸಿ ನನ್ನವು. ಮೊದಲ ಪ್ರತಿಗಳನ್ನು ಆ ಬಿಲ್ಡರನ ಆಫೀಸಿಗೆ ನಾನೇ ಒಯ್ದು ಕೊಡುತ್ತೇನೆ.