ಒಡಹುಟ್ಟಿದವರಲ್ಲಿ ವಂಶವಾಹಿಯ ಹುಡುಕಾಟ



ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಕರಾವಳಿ ಆಂಧ್ರದ ರೈತ ಕುಟುಂಬಗಳು ಗಂಗಾವತಿ ಸೀಮೆಗೆ ಬಂದು, ನಮ್ಮ ಶ್ರೀರಾಮನಗರದಂಥ ಕ್ಯಾಂಪು ಕಟ್ಟಿ ಭತ್ತ ಬೆಳೆದವು. ಅಣ್ಣ ಬಂದ, ತಮ್ಮ ಅಲ್ಲೇ ಉಳಿದ ಎನ್ನುವುದು ಇಂಥ ಊರುಗಳಿಗೆ ಹೊಸ ಮಾತಲ್ಲ. ಸಕ್ಕರೆ ಕಾಯಿಲೆ, ಬೊಜ್ಜು ರಕ್ತದಿಂದ ಬಂದವೋ ಬದುಕಿನಿಂದ ಬಂದವೋ ಎಂಬ ಪ್ರಶ್ನೆಗೆ ಒಡಹುಟ್ಟಿದವರಷ್ಟು ನಂಬಿಕೆಯ ಸಾಕ್ಷಿಗಳು ಸಿಗುವುದು ಕಷ್ಟ. ಆ ಸಾಕ್ಷ್ಯವನ್ನು ಸಂಖ್ಯಾಶಾಸ್ತ್ರ ಹೇಗೆ ಓದುತ್ತದೆ ಎಂಬುದೇ ಇಂದಿನ ವಿಷಯ.

ಸಕ್ಕರೆ ಕಾಯಿಲೆ, ಬೊಜ್ಜು ಒಂದೇ ವಂಶವಾಹಿಯ ಕಾಯಿಲೆಗಳಲ್ಲ. ನೂರಾರು ವಂಶವಾಹಿಗಳ ಸಣ್ಣಸಣ್ಣ ಪ್ರಭಾವ ಸೇರಿ, ಅದರ ಮೇಲೆ ಊಟ, ದುಡಿಮೆ, ವಯಸ್ಸು ಕೂಡಿ ಫಲ ಕಾಣುತ್ತದೆ. ಅವುಗಳ ತಾಣ ಪತ್ತೆ ಮಾಡಲು ಒಂದು ಸರಳ ಲೆಕ್ಕ ನೆರವಾಗುತ್ತದೆ. ವರ್ಣತಂತುವಿನ ಯಾವುದೇ ತಾಣದಲ್ಲಿ ಪ್ರತಿ ಮಗುವಿಗೂ ತಂದೆಯಿಂದ ಒಂದು, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಒಡಹುಟ್ಟಿದ ಇಬ್ಬರಿಗೆ ಆ ಎರಡೂ ಪ್ರತಿಗಳು ಒಂದೇ ಆಗಿರುವ ಸಂಭವ ಶೇ. 25, ಒಂದು ಮಾತ್ರ ಒಂದೇ ಆಗಿರುವುದು ಶೇ. 50, ಯಾವುದೂ ಹೊಂದದಿರುವುದು ಶೇ. 25.

1972ರಲ್ಲಿ ಹೇಸ್‌ಮನ್ ಮತ್ತು ಎಲ್‌ಸ್ಟನ್ ಎಂಬ ಸಂಶೋಧಕರು ಈ ಲೆಕ್ಕವನ್ನೇ ವಿಧಾನವಾಗಿಸಿದರು. ಉದಾಹರಣೆಗೆ, ಪ್ರತಿ ಜೋಡಿಯ ತೂಕದ ಅಂತರವನ್ನು ವರ್ಗ ಮಾಡಿ, ಒಂದು ತಾಣದಲ್ಲಿ ಆ ಜೋಡಿ ಎಷ್ಟು ಪ್ರತಿ ಹಂಚಿಕೊಂಡಿದೆ ಎಂಬುದರ ಎದುರು ಇಟ್ಟು ನೋಡಬೇಕು. ಹೆಚ್ಚು ಹಂಚಿಕೊಂಡವರಲ್ಲಿ ಅಂತರ ಕಡಿಮೆಯಾಗುತ್ತ ಹೋದರೆ, ತೂಕಕ್ಕೆ ಸಂಬಂಧಿಸಿದ ವಂಶವಾಹಿ ಅಲ್ಲೇ ಸುತ್ತಮುತ್ತ ಇರಬೇಕು. ಪ್ರಭಾವ ತೀರ ಸಣ್ಣದಾದರೆ ಸಾವಿರಾರು ಜೋಡಿಗಳು ಬೇಕು; ಅದು ಈ ವಿಧಾನದ ಮಿತಿ.

ಇಡೀ ಜೀನೋಮಿನಲ್ಲಿ, ಅಂದರೆ ಎಲ್ಲ ತಾಣಗಳನ್ನೂ ಸೇರಿಸಿ ನೋಡಿದರೆ, ಒಡಹುಟ್ಟಿದವರ ಹಂಚಿಕೆ ಸರಾಸರಿ ಅರ್ಧ. ಆದರೆ ಜೋಡಿಯಿಂದ ಜೋಡಿಗೆ ಅದು ಬೇರೆ. 2006ರಲ್ಲಿ ಪೀಟರ್ ವಿಷರ್ ತಂಡ 3,375 ಜೋಡಿಗಳಲ್ಲಿ ಈ ಪ್ರಮಾಣ ಸುಮಾರು ಶೇ. 37ರಿಂದ 62ರವರೆಗೆ ಇರುವುದನ್ನು ಕಂಡಿತು. ಆ ವ್ಯತ್ಯಾಸವನ್ನೇ ಬಳಸಿ, ಎತ್ತರದಲ್ಲಿ ಜನರ ನಡುವೆ ಕಾಣುವ ಏರುಪೇರಿನ ಸುಮಾರು ಶೇ. 80 ಭಾಗ ವಂಶವಾಹಿಗಳದ್ದೆಂದು ಅಂದಾಜಿಸಿತು.

ನಮ್ಮಂಥ ಊರಿಗೆ ಈ ವಿಧಾನ ಇನ್ನೂ ಒಂದು ಕಾರಣಕ್ಕೆ ಬೇಕು. ಬೇರೆಬೇರೆ ಮೂಲದ ಜನರನ್ನು ಕಲಸಿ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದರೆ, ಒಂದು ಸಮುದಾಯದ ಅಡುಗೆಯಿಂದಾದ ವ್ಯತ್ಯಾಸ ಅದರ ವಂಶವಾಹಿಯ ತಲೆಗೆ ಬೀಳಬಹುದು. ಒಂದೇ ಮನೆಯ ಮಕ್ಕಳನ್ನು ಹೋಲಿಸಿದಾಗ ಆ ಅನ್ಯಾಯಕ್ಕೆ ಎಡೆಯಿಲ್ಲ. ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟ ಮನೆಗಳಲ್ಲಿ ತಂದೆತಾಯಿಗಳೇ ಬಂಧುಗಳು. ಅವರ ಮಕ್ಕಳ ಹಂಚಿಕೆ ಹೆಚ್ಚು. ಲೆಕ್ಕವನ್ನು ಅದಕ್ಕೆ ತಕ್ಕಂತೆ ತಿದ್ದಬೇಕು.

ಒಡಹುಟ್ಟಿದವರನ್ನು ಹೋಲಿಸಿ ನೋಡಿದ್ದಕ್ಕೆ ಭಾರತದಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಇಂಡಿಯನ್ ಮೈಗ್ರೇಷನ್ ಸ್ಟಡಿ ಎಂಬ ಅಧ್ಯಯನ ಬೆಂಗಳೂರು, ಹೈದರಾಬಾದ್, ನಾಗಪುರ, ಲಖನೌಗಳ ಕಾರ್ಖಾನೆಗಳಿಗೆ ಹಳ್ಳಿಯಿಂದ ಬಂದವರನ್ನೂ ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಕರೆದು ಪರೀಕ್ಷಿಸಿತು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹಳ್ಳಿಯಲ್ಲಿ ಉಳಿದ ಗಂಡಸರಲ್ಲಿ ಬೊಜ್ಜು ಶೇ. 19, ವಲಸೆ ಬಂದವರಲ್ಲಿ ಶೇ. 37.8, ಸಕ್ಕರೆ ಕಾಯಿಲೆ ಕ್ರಮವಾಗಿ ಶೇ. 6.2 ಮತ್ತು ಶೇ. 14.3. ಇದರ ಪಕ್ಕಕ್ಕೆ ಬೊಜ್ಜಿನ ಹೆಸರಾಂತ ವಂಶವಾಹಿ ಎಫ್‌ಟಿಒವನ್ನು ಇಟ್ಟು ನೋಡಿ. 2007ರಲ್ಲಿ ಯುರೋಪಿಯನ್ನರಲ್ಲಿ ಗುರುತಿಸಿದ ಅದರ ಒಂದು ರೂಪದ ಎರಡೂ ಪ್ರತಿ ಇದ್ದವರ ತೂಕ, ಒಂದೂ ಇಲ್ಲದವರಿಗಿಂತ ಸರಾಸರಿ ಸುಮಾರು 3 ಕಿಲೋ ಮಾತ್ರ ಹೆಚ್ಚು.

ವಂಶವಾಹಿಯ ನಕ್ಷೆ ಹಣೆಬರಹವಲ್ಲ ಎಂದು ನಾನು ದೃಢವಾಗಿ ನಂಬುವುದು ಇದಕ್ಕೇ. ಅದು ಯಾರು ಮೊದಲು ಎಚ್ಚರವಾಗಬೇಕೆಂದು ಹೇಳುತ್ತದೆ. ಆದ್ದರಿಂದ ನನ್ನ ಕೋರಿಕೆ ಇಷ್ಟು: ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಕಂಡರೆ, ಊರಲ್ಲಿರುವ, ಪಟ್ಟಣ ಸೇರಿರುವ ಅಣ್ಣತಮ್ಮ, ಅಕ್ಕತಂಗಿಯರೆಲ್ಲರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಸಂಶೋಧಕರು ಬಂದಾಗ ಪ್ರಶ್ನೆ ಕೇಳಿ, ಒಪ್ಪಿಗೆಯಾದರೆ ಭಾಗವಹಿಸಿ, ಫಲಿತಾಂಶವನ್ನು ನಿಮ್ಮ ಭಾಷೆಯಲ್ಲಿ ಹೇಳಿರೆಂದು ಪಟ್ಟು ಹಿಡಿಯಿರಿ.